ಮೋಟಾರು ಪಂದ್ಯಗಳಲ್ಲಿ ಅಪಘಾತ ಮತ್ತು ಸುರಕ್ಷಾ ನಿಯಮ: ಒಂದು ಚಾರಿತ್ರಿಕ ವಿವೇಚನೆ

೧. ಪ್ರಸ್ತಾವನೆ

ಬೆಂಗಳೂರಿನ ಬಿನ್ನಿಪೇಟೆಗೆ ಆ ಹೆಸರು ಬಂದುದು ಮದರಾಸಿನ ಬಿನ್ನಿ ಕಂಪೆನಿಯ ಆಡಳಿತಕ್ಕೆ ಒಳಪಟ್ಟಿದ್ದ ಬಟ್ಟೆಯ ಗಿರಣಿಯಿಂದ. ೧೮೮೪ರಲ್ಲಿ ಸ್ಥಾಪಿತವಾದ ಈ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಹಲವು ತಲೆಮಾರುಗಳ ಕಾರ್ಮಿಕ ಕುಟುಂಬಗಳಿಗೆ ಅನ್ನವಿತ್ತಿತು. ಇಂದು ಆ ನೆಲದಲ್ಲಿ ಬಹುಮಹಡಿಯ ವಸತಿ ಕಟ್ಟಡಗಳು ಎದ್ದಿವೆ. ಪೇಟೆಯ ಹೆಸರು ಮಾತ್ರ ಗಿರಣಿಯ ಕುರುಹಾಗಿ ಉಳಿದಿದೆ.

ಇಂತಹ ಗಿರಣಿಗಳನ್ನು ಕುರಿತು ೧೯೪೮ರ ಕಾರ್ಖಾನೆ ಕಾಯಿದೆಯು ವಿಧಿಸಿದ್ದ ಕಟ್ಟಳೆಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು. ಅದರ ೨೧ನೆಯ ಪ್ರಕರಣದಂತೆ ಯಂತ್ರದ ಚಲಿಸುವ ಅಪಾಯಕರ ಭಾಗಗಳಿಗೆ ಭದ್ರವಾದ ಬೇಲಿ ಇರತಕ್ಕದ್ದು. ೬೭ನೆಯ ಪ್ರಕರಣದಂತೆ ೧೪ ವರ್ಷ ತುಂಬದ ಮಗುವಿನಿಂದ ಕಾರ್ಖಾನೆಯಲ್ಲಿ ಕೆಲಸ ಮಾಡಿಸತಕ್ಕದ್ದಲ್ಲ. ೮೮ನೆಯ ಪ್ರಕರಣದಂತೆ ಅಪಘಾತದ ಸುದ್ದಿಯನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಸಾವು ಸಂಭವಿಸಿದ್ದಲ್ಲಿ ಆ ಅಧಿಕಾರಿಯು ಒಂದು ತಿಂಗಳೊಳಗೆ ವಿಚಾರಣೆ ನಡೆಸತಕ್ಕದ್ದು. ಬೇಲಿ, ವಯಸ್ಸು, ವಿಚಾರಣೆ ಎಂಬ ಈ ಮೂರು ಮಾತುಗಳನ್ನು ವಾಚಕರು ನೆನಪಿನಲ್ಲಿರಿಸಿಕೊಳ್ಳಬೇಕೆಂದು ಕೋರಿಕೆ.

ಮೋಟಾರು ಪಂದ್ಯವನ್ನು ಗಿರಣಿಯೊಡನೆ ಹೋಲಿಸುವುದು ಮೊದಲಿಗೆ ವಿಚಿತ್ರವಾಗಿ ತೋರಬಹುದು. ಒಂದು ಹೊಟ್ಟೆಪಾಡು; ಮತ್ತೊಂದು ಬೇಕೆಂದು ಆರಿಸಿಕೊಂಡ ಸಾಹಸ. ಆದರೆ ಎರಡರಲ್ಲಿಯೂ ವೇಗವಾಗಿ ಚಲಿಸುವ ಯಂತ್ರದ ಮುಂದೆ ಮನುಷ್ಯದೇಹವು ನಿಂತಿರುತ್ತದೆ. ಎರಡರಲ್ಲಿಯೂ ನಿಯಮಗಳು ಬಹುಮಟ್ಟಿಗೆ ಅಪಘಾತದ ಅನಂತರ ಹುಟ್ಟಿದುವು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮ ಗಾದೆಯು ಈ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ. ಆದರೆ ಗಾದೆ ಹೇಳುವಷ್ಟು ಸುಲಭವಾಗಿ ಬುದ್ಧಿ ಬಂದಿದೆಯೇ? ಒಂದೇ ಬಗೆಯ ಕೇಡು ಹಲವು ಸಲ ಒದಗಿದರೂ ನಿಯಮವಾಗದೆ ಹೋದುದೇಕೆ, ಮತ್ತೊಮ್ಮೆ ಒದಗಿದಾಗ ಕೂಡಲೇ ನಿಯಮವಾದುದೇಕೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

೨. ನಿಷೇಧದ ಕಾಲ

ಮೋಟಾರು ಪಂದ್ಯಗಳ ಆದಿಕಾಲದಲ್ಲಿ ಬಂಡಿಗಳು ಊರಿಂದೂರಿಗೆ ಸಾರ್ವಜನಿಕ ರಸ್ತೆಗಳ ಮೇಲೆಯೇ ಓಡುತ್ತಿದ್ದುವು. ೧೯೦೩ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ಏರ್ಪಟ್ಟ ಪಂದ್ಯದಲ್ಲಿ ಜನಸಂದಣಿ ರಸ್ತೆಯ ಅಂಚಿನವರೆಗೂ ನಿಂತಿತ್ತು. ಮೊದಲ ದಿನವೇ ಚಾಲಕರೂ ಸಹಾಯಕರೂ ಪ್ರೇಕ್ಷಕರೂ ಮಡಿದರು. ಪ್ರಸಿದ್ಧ ಮೋಟಾರು ಮನೆತನದ ಮಾರ್ಸೆಲ್ ರೆನೋ ಅವರೂ ಮೃತರಲ್ಲಿ ಒಬ್ಬರು. ಫ್ರೆಂಚ್ ಸರ್ಕಾರವು ಪಂದ್ಯವನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಿತು. ತೆರೆದ ರಸ್ತೆಯ ಮೇಲೆ ನಗರದಿಂದ ನಗರಕ್ಕೆ ಓಡುವ ಮಹಾಪಂದ್ಯಗಳ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿದು, ಸುತ್ತುಪಥಗಳ ಕಾಲ ಬಂದಿತು. ಇಂಗ್ಲೆಂಡಿನಲ್ಲಿ ೧೯೦೭ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥವು ತೆರೆಯಿತು.

ಅರ್ಧ ಶತಮಾನದ ಅನಂತರ, ೧೯೫೫ರ ಜೂನ್ ೧೧ರಂದು, ಫ್ರಾನ್ಸಿನ ಲೆ ಮಾನ್ಸ್ ಪಥದಲ್ಲಿ ೨೪ ಗಂಟೆಗಳ ಪಂದ್ಯ ನಡೆಯುತ್ತಿದ್ದಾಗ ಈ ಕ್ರೀಡೆಯ ಇತಿಹಾಸದಲ್ಲಿಯೇ ಅತ್ಯಂತ ಘೋರವಾದ ದುರಂತ ಸಂಭವಿಸಿತು. ಮೈಕ್ ಹಾಥಾರ್ನ್ ಅವರ ಜಾಗ್ವಾರ್ ಬಂಡಿಯು ಎಣ್ಣೆ ತುಂಬಿಸಿಕೊಳ್ಳುವ ತಂಗುಕಟ್ಟೆಯ ಕಡೆಗೆ ಸರಿದು ವೇಗವನ್ನು ತಗ್ಗಿಸಿತು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಅವರ ಬಂಡಿ ಅದನ್ನು ತಪ್ಪಿಸಲು ಪಕ್ಕಕ್ಕೆ ಹೊರಳಿತು. ಇನ್ನೂ ಹಿಂದಿನಿಂದ ಅತಿವೇಗದಲ್ಲಿ ಬರುತ್ತಿದ್ದ ಪಿಯೇರ್ ಲೆವೆಗ್ ಅವರ ಮರ್ಸಿಡಿಸ್ ಬಂಡಿಯು ಮ್ಯಾಕ್ಲಿನ್ ಅವರ ಬಂಡಿಯ ಬೆನ್ನನ್ನೇರಿ ಚಿಮ್ಮಿ, ಛಿದ್ರವಾಗಿ, ಅದರ ಭಾಗಗಳು ಜನರ ಮಧ್ಯೆ ನುಗ್ಗಿದುವು. ಲೆವೆಗ್ ಅವರೂ ಎಂಬತ್ತಕ್ಕೂ ಹೆಚ್ಚು ಮಂದಿ ಪ್ರೇಕ್ಷಕರೂ ಪ್ರಾಣ ಕಳೆದುಕೊಂಡರು.

ಇದರ ಪರಿಣಾಮಗಳು ಎರಡು ಬಗೆಯವು. ಸ್ವಿಟ್ಜರ್ಲೆಂಡ್ ದೇಶವು ಸುತ್ತುಪಥದ ಮೋಟಾರು ಪಂದ್ಯಗಳನ್ನೇ ನಿಷೇಧಿಸಿತು. ಆ ನಿಷೇಧವು ಆರು ದಶಕಗಳಿಗೂ ಮೇಲ್ಪಟ್ಟು ಉಳಿಯಿತು. ಫ್ರಾನ್ಸಾದರೋ ವಿಚಾರಣೆ ನಡೆಸಿತು. ಆ ವಿಚಾರಣೆಯು ಯಾವೊಬ್ಬ ಚಾಲಕನನ್ನೂ ಅಪರಾಧಿಯೆನ್ನದೆ, ನಿಧಾನವಾದ ಬಂಡಿಗಳ ಕಾಲದಲ್ಲಿ ರೂಪಿಸಿದ ಪಥದ ವಿನ್ಯಾಸದ ಕಡೆಗೆ ಬೆರಳು ತೋರಿತು. ತಂಗುಕಟ್ಟೆಯ ಎದುರಿನ ದಾರಿಯನ್ನು ಅಗಲ ಮಾಡಿದರು; ಕಟ್ಟೆಗಳನ್ನೂ ಪ್ರೇಕ್ಷಕರ ಅಟ್ಟಣೆಗಳನ್ನೂ ಕೆಡವಿ ಮರಳಿ ಕಟ್ಟಿದರು. ನಿಷೇಧವು ಆ ದೇಶದ ನೆಲದಲ್ಲಿ ಅಪಾಯವನ್ನು ನೀಗಿತು; ವಿಚಾರಣೆಯು ಅಪಾಯದ ಕಾರಣವನ್ನು ಕಂಡಿತು. ನಮ್ಮ ವಿಷಯಕ್ಕೆ ಈ ವ್ಯತ್ಯಾಸ ಮುಖ್ಯವಾದುದು.

ಎರಡೇ ವರ್ಷಗಳ ಬಳಿಕ, ೧೯೫೭ರ ಮೇ ೧೨ರಂದು, ಇಟಲಿಯ ಸಾವಿರ ಮೈಲಿಗಳ ಪಂದ್ಯವಾದ ಮಿಲ್ಲೆ ಮಿಲ್ಯಾದಲ್ಲಿ ಅಲ್ಫಾನ್ಸೋ ಡಿ ಪೊರ್ಟಾಗೊ ಅವರ ಫೆರಾರಿ ಬಂಡಿಯು ಗ್ವಿಡಿಟ್ಸೋಲೊ ಗ್ರಾಮದ ಬಳಿ ಜನರ ಮೇಲೆ ಹಾಯಿತು. ಚಾಲಕನೂ ಅವನ ಜತೆಗಾರನೂ ಅಲ್ಲದೆ ಒಂಬತ್ತು ಮಂದಿ ಪ್ರೇಕ್ಷಕರು ಮಡಿದರು. ಅವರಲ್ಲಿ ಐವರು ಮಕ್ಕಳು. ವೇಗದ ಪಂದ್ಯವಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೆ ಕೊನೆಗೊಂಡಿತು. ೧೯೦೩ರಲ್ಲಿ ಒಂದು ದೇಶ ಕಲಿತ ಪಾಠವನ್ನು ನೆರೆಯ ದೇಶವು ೫೪ ವರ್ಷಗಳ ಮೇಲೆ ಮತ್ತೊಮ್ಮೆ ಬೆಲೆ ತೆತ್ತು ಕಲಿಯಬೇಕಾಯಿತೆಂಬುದು ಗಮನಾರ್ಹ.

೩. ಚಾಲಕರ ಹೋರಾಟ

ಮೇಲಿನ ಮೂರು ಪ್ರಸಂಗಗಳಲ್ಲಿಯೂ ಸರ್ಕಾರಗಳನ್ನು ಎಚ್ಚರಿಸಿದುದು ಪ್ರೇಕ್ಷಕರ ಸಾವು. ಚಾಲಕನ ಸಾವಾದರೋ ಅವನ ವೃತ್ತಿಗೆ ಅಂಟಿದ ಅಪಾಯವೆಂದೇ ಜನ ಭಾವಿಸಿದ್ದರು. ಈ ಭಾವನೆಯನ್ನು ಬದಲಿಸಿದವರಲ್ಲಿ ಸ್ಕಾಟ್ಲೆಂಡಿನ ಜ್ಯಾಕಿ ಸ್ಟೂವರ್ಟ್ ಅವರು ಅಗ್ರಗಣ್ಯರು. ೧೯೬೬ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ ಮಳೆಗೆ ಸಿಕ್ಕಿ ಅವರ ಬಂಡಿ ದಾರಿ ಬಿಟ್ಟು ನುಗ್ಗಿತು. ಸೋರಿದ ಪೆಟ್ರೋಲಿನಲ್ಲಿ ನೆನೆಯುತ್ತ ಅವರು ಒಳಗೆ ಸಿಕ್ಕಿಕೊಂಡಿದ್ದರು. ಬಿಡಿಸಲು ಬಂದವರು ಸಹಚಾಲಕರಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಬಿಡಿಸಲು ಬೇಕಾದ ಸ್ಪ್ಯಾನರನ್ನು ಪ್ರೇಕ್ಷಕನೊಬ್ಬನಿಂದ ಎರವಲು ತರಬೇಕಾಯಿತು. ಜಗತ್ತಿನ ಅಗ್ರ ಶ್ರೇಣಿಯ ಪಂದ್ಯದಲ್ಲಿ ಒಂದು ಸ್ಪ್ಯಾನರಿಗೂ ಏರ್ಪಾಡಿರಲಿಲ್ಲ. ಅಲ್ಲಿಂದ ಮುಂದೆ ಸ್ಟೂವರ್ಟ್ ಅವರು ಭದ್ರತಾ ಪಟ್ಟಿ, ತಡೆಗೋಡೆ, ವೈದ್ಯಕೀಯ ಸಹಾಯ ಇವುಗಳಿಗಾಗಿ ಬಹಿರಂಗವಾಗಿ ವಾದಿಸತೊಡಗಿದರು. ಚಾಲಕರ ಒತ್ತಾಯ ಎಷ್ಟು ಬಲಿಯಿತೆಂದರೆ ೧೯೬೯ರಲ್ಲಿ ಸ್ಪಾ ಪಂದ್ಯವೇ ನಡೆಯಲಿಲ್ಲ. ೧೯೭೦ರಲ್ಲಿ ಜರ್ಮನಿಯ ಪಂದ್ಯವು ನ್ಯೂರ್‌ಬರ್ಗ್‌ರಿಂಗ್‌ನಿಂದ ಹಾಕೆನ್‌ಹೈಮ್‌ಗೆ ವರ್ಗವಾಯಿತು.

ಈ ಕಾಲದ ಅಪಘಾತಗಳನ್ನು ಒಂದೊಂದಾಗಿ ನೋಡಿದರೆ ಮತ್ತೊಂದು ಅಂಶ ಹೊಳೆಯುತ್ತದೆ. ೧೯೬೭ರಲ್ಲಿ ಮೊನಾಕೊ ಪಂದ್ಯದಲ್ಲಿ ಲೊರೆಂಟ್ಸೊ ಬ್ಯಾಂಡಿನಿ ಅವರ ಬಂಡಿ ಮಗುಚಿ ಹೊತ್ತಿಕೊಂಡಾಗ, ದಾರಿಯ ಬದಿಯಲ್ಲಿ ರಕ್ಷಣೆಗೆಂದು ಜೋಡಿಸಿದ್ದ ಹುಲ್ಲಿನ ಪೆಂಡಿಗಳೇ ಬೆಂಕಿಯನ್ನು ಹೆಚ್ಚಿಸಿದುವು. ಮೂರು ದಿನಗಳ ಅನಂತರ ಅವರು ತೀರಿಕೊಂಡರು. ೧೯೭೦ರ ಹೊತ್ತಿಗೆ ಹುಲ್ಲಿನ ಪೆಂಡಿಗಳಿಗೆ ನಿಷೇಧ ಬಂದಿತು. ಅದೇ ೧೯೭೦ರಲ್ಲಿ ಮೊಂಜಾ ಪಥದಲ್ಲಿ ಯೊಖೆನ್ ರಿಂಟ್ ಅವರು ಮಡಿದರು. ಬೆಂಕಿ ಹತ್ತಿದರೆ ಕೂಡಲೇ ಹೊರಕ್ಕೆ ಧುಮುಕಬೇಕೆಂಬ ಆಶಯದಿಂದ ಅವರು ತೊಡೆಯ ನಡುವಣ ಪಟ್ಟಿಗಳನ್ನು ಬಿಗಿದುಕೊಳ್ಳುತ್ತಿರಲಿಲ್ಲ. ಡಿಕ್ಕಿಯ ರಭಸಕ್ಕೆ ದೇಹವು ಕೆಳಕ್ಕೆ ಜಾರಿ, ಪಟ್ಟಿಯೇ ಮಾರಕವಾಯಿತು. ೧೯೭೨ರಲ್ಲಿ ಆರು ಕಡೆ ಬಿಗಿಯುವ ಪಟ್ಟಿ ಕಡ್ಡಾಯವಾಯಿತು. ಒಂದು ಅಪಾಯದ ಭಯವು ಇನ್ನೊಂದಕ್ಕೆ ಬಾಗಿಲು ತೆರೆಯುತ್ತಿತ್ತೆಂದು ಇದರಿಂದ ತಿಳಿಯುತ್ತದೆ. ಬೆಂಕಿಯ ಪ್ರಶ್ನೆ ಬಗೆಹರಿಯದೆ ಪಟ್ಟಿಯ ಪ್ರಶ್ನೆಯು ಪೂರ್ಣವಾಗಿ ಬಗೆಹರಿಯುವಂತಿರಲಿಲ್ಲ.

ಬೆಂಕಿಯ ಪ್ರಶ್ನೆಯಾದರೋ ೧೯೭೩ರ ಜುಲೈ ೨೯ರಂದು ಹಾಲೆಂಡಿನ ಜಾಂಡ್‌ವೋರ್ಟ್ ಪಥದಲ್ಲಿ ಜಗತ್ತಿನ ಕಣ್ಣೆದುರಿಗೆ ಬಂದಿತು. ಮಗುಚಿ ಉರಿಯುತ್ತಿದ್ದ ಬಂಡಿಯೊಳಗೆ ರಾಜರ್ ವಿಲಿಯಂಸನ್ ಸಿಕ್ಕಿಕೊಂಡಿದ್ದರು. ಡೇವಿಡ್ ಪರ್ಲಿ ಎಂಬ ಸಹಚಾಲಕರು ತಮ್ಮ ಓಟವನ್ನು ಬಿಟ್ಟು ಒಬ್ಬರೇ ಆ ಬಂಡಿಯನ್ನು ಎತ್ತಲು ಹೆಣಗಿದರು. ಪಥದ ಕಾವಲುಗಾರರಲ್ಲಿ ಬೆಂಕಿಯನ್ನು ತಡೆಯುವ ಉಡುಪಿರಲಿಲ್ಲವಾಗಿ ಅವರು ಹತ್ತಿರ ಹೋಗಲಾರದೆ ನಿಂತರು. ಪಂದ್ಯವು ನಿಲ್ಲದೆ ಸಾಗಿತು. ಧೈರ್ಯಕ್ಕೆ ಅಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಏರ್ಪಾಡಿಗೆ.

೪. ಶಾಸ್ತ್ರವೂ ಸಂಸ್ಥೆಯೂ

೧೯೭೮ರಿಂದ ಮುಂದಿನ ಕಾಲವು ಭಿನ್ನವಾದುದು. ಆ ವರ್ಷ ಲಂಡನ್ನಿನ ನರಶಸ್ತ್ರವೈದ್ಯರಾದ ಸಿಡ್ ವಾಟ್ಕಿನ್ಸ್ ಅವರು ಫಾರ್ಮುಲಾ ಒನ್ ಪಂದ್ಯಗಳ ವೈದ್ಯಕೀಯ ಹೊಣೆಯನ್ನು ಹೊತ್ತರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊಂಜಾ ಪಥದಲ್ಲಿ ಪಂದ್ಯ ಮೊದಲಾದೊಡನೆಯೇ ನಡೆದ ಡಿಕ್ಕಿಯಲ್ಲಿ ರಾನಿ ಪೀಟರ್‌ಸನ್ ಅವರ ಕಾಲುಗಳು ಜಜ್ಜಿಹೋಗಿ, ಮರುದಿನ ಅವರು ತೀರಿಕೊಂಡರು. ಅಂದು ನೆರವು ತಡವಾಗಿ ಬಂದಿತ್ತು. ಆ ಬಳಿಕ ಮೊದಲ ಸುತ್ತಿನಲ್ಲಿ ವೈದ್ಯರ ಬಂಡಿಯೊಂದು ಸ್ಪರ್ಧಿಗಳನ್ನು ಹಿಂಬಾಲಿಸುವ ಪದ್ಧತಿ ನೆಲೆಗೊಂಡಿತು. ಕ್ರಮ ಸಣ್ಣದು, ಆದರೆ ಅದರ ಹಿಂದಿನ ವಿಚಾರ ಹೊಸದು. ಅಪಘಾತವು ದೈವಗತಿಯಲ್ಲ, ಮುಂಚಿತವಾಗಿಯೇ ನಿರೀಕ್ಷಿಸಬೇಕಾದ ಘಟನೆ ಎಂಬುದೇ ಆ ವಿಚಾರ.

೧೯೮೨ರ ಬಳಿಕ ಹನ್ನೆರಡು ವರ್ಷಗಳ ಕಾಲ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಯಾವ ಚಾಲಕನೂ ಸಾಯಲಿಲ್ಲ. ಅಪಾಯವು ನೀಗಿತೆಂಬ ನಂಬಿಕೆ ಹರಡಿತು. ೧೯೯೪ರಲ್ಲಿ ಇಟಲಿಯ ಇಮೋಲಾ ಪಥದಲ್ಲಿ ಏಪ್ರಿಲ್ ೩೦ರಂದು ಆಸ್ಟ್ರಿಯದ ರೋಲಂಡ್ ರಾಟ್ಸೆನ್‌ಬರ್ಗರ್, ಮೇ ೧ರಂದು ಬ್ರೆಜಿಲ್ಲಿನ ಐರ್ಟನ್ ಸೆನ್ನಾ ಮಡಿದಾಗ ಆ ನಂಬಿಕೆ ಮುರಿಯಿತು. ವಾಟ್ಕಿನ್ಸ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದು ಏರ್ಪಟ್ಟಿತು. ಪಥಗಳ ತಿರುವುಗಳನ್ನು ಪರೀಕ್ಷಿಸಿ ಅತ್ಯಂತ ಅಪಾಯಕರವಾದುವನ್ನು ಗುರುತಿಸಿದರು; ತಂಗುಕಟ್ಟೆಯ ದಾರಿಯಲ್ಲಿ ವೇಗಕ್ಕೆ ಮಿತಿ ಬಂದಿತು; ೧೯೯೬ರಲ್ಲಿ ಚಾಲಕನ ಆಸನದ ಇಕ್ಕೆಲಗಳ ಗೋಡೆಗಳು ಎತ್ತರವಾದುವು.

೨೦೧೪ರ ಅಕ್ಟೋಬರ್ ೫ರಂದು ಜಪಾನಿನ ಸುಜುಕಾ ಪಥದಲ್ಲಿ, ಮತ್ತೊಂದು ಬಂಡಿಯನ್ನು ಎತ್ತಲು ಬಂದಿದ್ದ ಯಂತ್ರಕ್ಕೆ ಜೂಲ್ಸ್ ಬಿಯಾಂಕಿ ಅವರ ಬಂಡಿ ಬಡಿಯಿತು. ಮರುವರ್ಷದ ಜುಲೈಯಲ್ಲಿ ಅವರು ತೀರಿಕೊಂಡರು. ಹತ್ತು ಸದಸ್ಯರ ಸಮಿತಿಯ ವಿಚಾರಣೆಯ ತರುವಾಯ, ಅಪಾಯ ಕಂಡೊಡನೆ ಎಲ್ಲ ಬಂಡಿಗಳೂ ಏಕಕಾಲದಲ್ಲಿ ವೇಗ ತಗ್ಗಿಸುವಂತೆ ಮಾಡುವ ವ್ಯವಸ್ಥೆಯು ೨೦೧೫ರಲ್ಲಿ ಜಾರಿಗೆ ಬಂದಿತು. ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಟೈಟೇನಿಯಮ್ಮಿನ ಕಮಾನು ೨೦೧೮ರಲ್ಲಿ ಕಡ್ಡಾಯವಾಯಿತು. ಬಂಡಿಯ ಅಂದ ಕೆಡುವುದೆಂದು ಅದನ್ನು ಹಲವರು ಜರೆದಿದ್ದರು. ೨೦೨೦ರ ನವೆಂಬರ್ ೨೯ರಂದು ಬಹ್ರೇನಿನಲ್ಲಿ ರೋಮೇನ್ ಗ್ರೋಸ್ಜಾನ್ ಅವರ ಬಂಡಿಯು ಉಕ್ಕಿನ ತಡೆಗೋಡೆಯನ್ನು ಸೀಳಿ, ಎರಡಾಗಿ ತುಂಡರಿಸಿ, ಬೆಂಕಿಯಲ್ಲಿ ಮುಳುಗಿತು. ಅರ್ಧ ನಿಮಿಷದೊಳಗಾಗಿ ಅವರು ತಾವೇ ಎದ್ದು ಹೊರಬಂದರು. ಕಮಾನು, ಆರು ಕಡೆಯ ಪಟ್ಟಿ, ಬೆಂಕಿ ತಡೆಯುವ ಉಡುಪು, ಹಿಂಬಾಲಿಸಿ ಬಂದ ವೈದ್ಯರ ಬಂಡಿ, ಇವೆಲ್ಲವೂ ಅಂದು ಒಟ್ಟಿಗೆ ಅವರ ನೆರವಿಗೆ ನಿಂತುವು. ರಿಂಟ್, ವಿಲಿಯಂಸನ್, ಪೀಟರ್‌ಸನ್ ಮೊದಲಾದವರ ಸಾವುಗಳಿಂದ ಸಂಗ್ರಹವಾದ ಅರಿವು ಅದು.

೫. ಯಾರ ಸಾವು ನಿಯಮವಾಗುತ್ತದೆ?

ಇಲ್ಲಿಯವರೆಗಿನ ನಿರೂಪಣೆಯಿಂದ, ಪ್ರತಿಯೊಂದು ಅಪಘಾತವೂ ಕ್ರಮವಾಗಿ ಒಂದೊಂದು ನಿಯಮವನ್ನು ಹೆತ್ತಿತೆಂಬ ಅಭಿಪ್ರಾಯ ಮೂಡಬಹುದು. ಅದು ಸರಿಯಲ್ಲ. ತಲೆ ಮತ್ತು ಕತ್ತುಗಳನ್ನು ಹಿಡಿದಿಡುವ ‘ಹ್ಯಾನ್ಸ್’ ಎಂಬ ಸಾಧನದ ಚರಿತ್ರೆ ಇದಕ್ಕೆ ನಿದರ್ಶನ. ದೇಹವು ಪಟ್ಟಿಯಲ್ಲಿ ಬಿಗಿದಿದ್ದರೂ ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಎಸೆಯಲ್ಪಟ್ಟು ತಲೆಬುರುಡೆಯ ತಳ ಬಿರಿಯುತ್ತದೆ. ಇದನ್ನು ತಡೆಯಲು ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಅವರು ಚಾಲಕರಾದ ಜಿಮ್ ಡೌನಿಂಗ್ ಅವರೊಡಗೂಡಿ ೧೯೮೦ರ ದಶಕದ ಆದಿಭಾಗದಲ್ಲಿಯೇ ಈ ಸಾಧನವನ್ನು ರೂಪಿಸಿದರು. ಕಾರಣ ತಿಳಿದಿತ್ತು, ಪರಿಹಾರವೂ ಸಿದ್ಧವಿತ್ತು. ಆದರೂ ಅದು ಸುಮಾರು ಇಪ್ಪತ್ತು ವರ್ಷ ಬಹುಮಂದಿಯ ಅಲಕ್ಷ್ಯಕ್ಕೆ ಗುರಿಯಾಯಿತು. ಅಮೆರಿಕದ ನ್ಯಾಸ್ಕಾರ್ ಪಂದ್ಯಗಳಲ್ಲಿ ೨೦೦೦ ಎಂಬ ಒಂದೇ ವರ್ಷದಲ್ಲಿ ಆಡಮ್ ಪೆಟ್ಟಿ, ಕೆನ್ನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ಯುವ ಚಾಲಕರು ಮಡಿದರು, ಸಾಧನ ಕಡ್ಡಾಯವಾಗಲಿಲ್ಲ. ೨೦೦೧ರ ಫೆಬ್ರುವರಿ ೧೮ರಂದು ಡೇಟೋನಾ ಪಂದ್ಯದ ಕೊನೆಯ ಸುತ್ತಿನಲ್ಲಿ, ಏಳು ಸಲ ಪ್ರಶಸ್ತಿ ಗೆದ್ದಿದ್ದ ಡೇಲ್ ಅರ್ನ್‌ಹಾರ್ಟ್ ಮಡಿದರು. ಅದೇ ಅಕ್ಟೋಬರಿನಲ್ಲಿ ಅಂತಹ ಸಾಧನ ಕಡ್ಡಾಯವಾಯಿತು. ಫಾರ್ಮುಲಾ ಒನ್‌ನಲ್ಲಿ ಅದು ೨೦೦೩ರಲ್ಲಿ ಬಂದಿತು.

ಇಮೋಲಾದಲ್ಲಿಯೂ ಜಗತ್ತು ನೆನೆದುದು ಸೆನ್ನಾ ಅವರನ್ನು. ಹಿಂದಿನ ದಿನವೇ ಮಡಿದಿದ್ದ ರಾಟ್ಸೆನ್‌ಬರ್ಗರ್ ಅವರನ್ನು ನೆನೆದವರು ವಿರಳ. ಹಾಗಾದರೆ ಪ್ರಸಂಗದ ತೀವ್ರತೆಯೊಂದೇ ಸುಧಾರಣೆಗೆ ಕಾರಣವಲ್ಲ. ಮಡಿದವರ ಖ್ಯಾತಿ, ನೋಡಿದವರ ಸಂಖ್ಯೆ, ಕಾರಣವನ್ನು ಬರೆದಿಡುವ ವಿಚಾರಣೆ, ಆಜ್ಞೆ ವಿಧಿಸಬಲ್ಲ ಸಂಸ್ಥೆ ಇವೆಲ್ಲ ಕೂಡಿದಾಗಲೇ ಸಾವು ನಿಯಮವಾಗಿ ಪರಿಣಮಿಸಿದೆ. ಮೊದಲಿನ ಎರಡು ಆಕಸ್ಮಿಕ. ಕೊನೆಯ ಎರಡು ಮನುಷ್ಯಪ್ರಯತ್ನಕ್ಕೆ ಸಾಧ್ಯವಾದುವು.

೬. ನಮ್ಮ ನಾಡಿನ ಸವಾರರು

ಇದೆಲ್ಲ ದೂರದ ದೇಶಗಳ ಕಥೆಯೆಂದು ಎಣಿಸಲಾಗದು. ದಕ್ಷಿಣ ಭಾರತದಲ್ಲಿ ಮದರಾಸಿನ ಸಮೀಪದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧಕಾಲದ ವಿಮಾನದ ಓಡುಪಟ್ಟಿಯ ಮೇಲೆ, ದಶಕಗಳ ಕಾಲ ಪಂದ್ಯಗಳು ನಡೆದುವು. ಬಳಿಕ ಬೆಂಗಳೂರು–ಚೆನ್ನೈ ಹೆದ್ದಾರಿಯ ಬದಿಯಲ್ಲಿ, ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥವು ೧೯೯೦ರಲ್ಲಿ ಆರಂಭವಾಯಿತು. ಬೆಂಗಳೂರಿನ ಸ್ಪರ್ಧಿಗಳು ಇಂದಿಗೂ ಈ ದಾರಿಯಲ್ಲಿಯೇ ಸಾಗಿ ಅಲ್ಲಿ ಸ್ಪರ್ಧಿಸುತ್ತಾರೆ.

ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ೨೦೧೫ರಲ್ಲಿ ಡಾಕರ್ ಮರುಭೂಮಿ ಪಂದ್ಯವನ್ನು ಮುಗಿಸಿದ ಮೊದಲ ಭಾರತೀಯರೆನಿಸಿದರು. ೨೦೨೦ರ ಜನವರಿ ೧೨ರಂದು ಸೌದಿ ಅರೇಬಿಯದಲ್ಲಿ ನಡೆದ ಆ ಪಂದ್ಯದಲ್ಲಿ ಅವರದೇ ತಂಡದ ಪೋರ್ಚುಗೀಸ್ ಸವಾರ ಪಾಲೊ ಗೊನ್ಸಾಲ್ವೆಸ್ ಮಡಿದರು. ೨೦೨೧ರಲ್ಲಿ ನಿಯಮಗಳು ಬದಲಾದುವು. ದ್ವಿಚಕ್ರದ ಸವಾರರೆಲ್ಲರೂ ಬಿದ್ದೊಡನೆ ಗಾಳಿ ತುಂಬಿಕೊಳ್ಳುವ ಅಂಗಿ ತೊಡಬೇಕಾಯಿತು. ಅಪಾಯದ ಸ್ಥಳಗಳಲ್ಲಿ ವೇಗಕ್ಕೆ ಮಿತಿ ಬಂದಿತು. ಅದೇ ವರ್ಷದ ಜನವರಿ ೬ರಂದು ಸಂತೋಷ್ ಅವರು ತೀವ್ರವಾಗಿ ಬಿದ್ದರು. ಅವರನ್ನು ಹೆಲಿಕಾಪ್ಟರಿನಲ್ಲಿ ರಿಯಾದ್ ನಗರದ ಆಸ್ಪತ್ರೆಗೆ ಒಯ್ದು, ಔಷಧದಿಂದ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ನೀಡಿದರು. ಅವರು ಬದುಕಿ ಊರಿಗೆ ಮರಳಿದರು. ಒಬ್ಬರು ಉಳಿದುದಕ್ಕೆ ಇಂತಹ ಒಂದೇ ನಿಯಮ ಕಾರಣವೆಂದು ಸಾಧಿಸುವುದು ಇತಿಹಾಸಕಾರನಿಗೆ ಸಲ್ಲದು. ಆದರೆ ಒಂದು ವರ್ಷದ ಹಿಂದೆ ಇಲ್ಲದಿದ್ದ ರಕ್ಷಣೆ ಅಂದು ಇದ್ದಿತೆಂಬುದು ನಿರ್ವಿವಾದ. ಅದೇ ಪಂದ್ಯದಲ್ಲಿ ಫ್ರಾನ್ಸಿನ ಪಿಯೇರ್ ಶೆರ್ಪಾಂ ಬಿದ್ದು ಮಡಿದರೆಂಬುದನ್ನೂ ಮರೆಯಬಾರದು. ನಿಯಮವು ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

೨೦೨೧ರಲ್ಲಿ ಯೂರೋಪಿನ ಪಥಗಳಲ್ಲಿ ಮೂವರು ಹರೆಯದ ಸವಾರರು ಮಡಿದರು: ೧೯ ವರ್ಷದ ಜೇಸನ್ ಡುಪಾಸ್ಕಿಯೇ, ೧೪ ವರ್ಷದ ಹ್ಯೂಗೊ ಮಿಯಾನ್, ೧೫ ವರ್ಷದ ಡೀನ್ ಬೆರ್ಟಾ ವಿನ್ಯಾಲೆಸ್. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವು ಆ ವರ್ಷವೇ ವಯೋಮಿತಿಯನ್ನು ಏರಿಸಲು ನಿರ್ಧರಿಸಿತು. ಗ್ರ್ಯಾನ್ ಪ್ರಿ ವಿಶ್ವ ಪಂದ್ಯಾವಳಿಗೆ ೨೦೨೩ರಿಂದ ೧೮ ವರ್ಷವೆಂದು ಗೊತ್ತುಪಡಿಸಿತು.

ಆ ೨೦೨೩ರಲ್ಲಿಯೇ, ಆಗಸ್ಟ್ ೫ರಂದು, ಇರುಂಗಾಟ್ಟುಕೋಟೈ ಪಥದಲ್ಲಿ ಹೊಸಬರಿಗೆಂದು ಏರ್ಪಟ್ಟ ರಾಷ್ಟ್ರೀಯ ಪಂದ್ಯದಲ್ಲಿ ಬೆಂಗಳೂರಿನ ಬಾಲಕನೊಬ್ಬ ಮೊದಲ ತಿರುವನ್ನು ದಾಟುವಾಗ ಬಿದ್ದು, ತಲೆಗೆ ಪೆಟ್ಟಾಗಿ ಮೃತನಾದನು. ಪಂದ್ಯವನ್ನು ಕೂಡಲೇ ನಿಲ್ಲಿಸಿದರು. ಆ ವಾರಾಂತ್ಯದ ಉಳಿದ ಪಂದ್ಯಗಳು ರದ್ದಾದುವು. ಅವನ ವಯಸ್ಸು ೧೩. ಅದೇ ಪಥದಲ್ಲಿ ಅದೇ ವರ್ಷದ ಜನವರಿ ೮ರಂದು, ಬಹುಕಾಲದ ಅನುಭವವುಳ್ಳ ೫೯ ವರ್ಷದ ಕಾರು ಚಾಲಕರೊಬ್ಬರು ಅಪಘಾತದಲ್ಲಿ ತೀರಿಕೊಂಡಿದ್ದರು.

೭. ಉಪಸಂಹಾರ

ಈಗ ಬಿನ್ನಿಪೇಟೆಯ ಗಿರಣಿಯ ಬಾಗಿಲಿಗೆ ಮರಳೋಣ. ೧೯೪೮ರ ಕಾಯಿದೆಯಂತೆ ೧೩ ವರ್ಷದ ಬಾಲಕನು ಆ ಬಾಗಿಲೊಳಗೆ ಕೂಲಿಗೆ ನಿಲ್ಲುವಂತಿರಲಿಲ್ಲ. ಅದೇ ವಯಸ್ಸಿನ ಬಾಲಕನು ಪಂದ್ಯದ ಆರಂಭದ ಗೆರೆಯ ಮೇಲೆ ನಿಲ್ಲಬಹುದಾಗಿತ್ತು. ಕಾಯಿದೆ ಹೇಳಿದುದು ದುಡಿಮೆಯ ಮಾತು, ಕ್ರೀಡೆಯ ಮಾತಲ್ಲ. ಬಾಲಕನು ತನ್ನ ಇಷ್ಟದಿಂದ, ಹೆತ್ತವರ ಅನುಮತಿಯಿಂದ ಸ್ಪರ್ಧಿಸುತ್ತಾನೆ. ಈ ಭೇದವನ್ನು ಒಪ್ಪಬೇಕು. ಚಿಕ್ಕಂದಿನಿಂದ ಅಭ್ಯಾಸವಿಲ್ಲದೆ ಈ ಕ್ರೀಡೆಯಲ್ಲಿ ನೈಪುಣ್ಯ ಬಾರದೆಂಬ ವಾದವೂ ಕಡೆಗಣಿಸತಕ್ಕದ್ದಲ್ಲ. ಆದರೆ ಯಂತ್ರವು ದುಡಿಯುವ ದೇಹವನ್ನೂ ಆಡುವ ದೇಹವನ್ನೂ ಬೇರೆ ಮಾಡಿ ನೋಡುವುದಿಲ್ಲ.

ಗಿರಣಿಯಲ್ಲಿ ಸತ್ತವನು ಯಾರೆಂದು ಕಾಯಿದೆ ಕೇಳುತ್ತಿರಲಿಲ್ಲ. ಹೆಸರಾಂತ ಮೇಸ್ತ್ರಿಯಾಗಲಿ, ನಿನ್ನೆ ಸೇರಿದ ಕೂಲಿಯಾಗಲಿ, ಒಂದು ತಿಂಗಳೊಳಗೆ ವಿಚಾರಣೆ ನಡೆಯತಕ್ಕದ್ದಾಗಿತ್ತು. ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಬಹುಕಾಲ ಕೊರತೆಯಾಗಿದ್ದುದು ಈ ಸಮತ್ವವೇ. ಸೆನ್ನಾ ಅವರಂತಹವರ ಮರಣಕ್ಕಾಗಿ ಕಾಯದೆ, ಅಪ್ರಸಿದ್ಧನೊಬ್ಬನ ಸಾವಿನಿಂದಲೂ ಕಾರಣವನ್ನು ತೆಗೆದು, ಬರೆದು, ಮುಂದಿನ ಸವಾರನ ಕಣ್ಣಿಗೆ ಬೀಳುವಂತೆ ಪ್ರಕಟಿಸುವ ಪದ್ಧತಿ ಎಲ್ಲಿ ನೆಲೆಗೊಂಡಿದೆಯೋ ಅಲ್ಲಿ ಕ್ರೀಡೆ ಸುರಕ್ಷಿತವಾಗುತ್ತ ಬಂದಿದೆ. ಎಲ್ಲಿ ಇಲ್ಲವೋ ಅಲ್ಲಿ ಒಂದೇ ಪಾಠಕ್ಕೆ ಎರಡು ಮೂರು ಸಲ ಬೆಲೆ ತೆರಬೇಕಾಗಿದೆ. ಗ್ವಿಡಿಟ್ಸೋಲೊದ ಐವರು ಮಕ್ಕಳು ಅದಕ್ಕೆ ಸಾಕ್ಷಿ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಮೋಟಾರು ಪಂದ್ಯದ ಅಭಿಮಾನಿಗಳು ಹಲವರಿದ್ದಾರೆ. ಅವರು ವಿಜೇತರ ಹೆಸರುಗಳನ್ನು ನೆನಪಿಡುವಂತೆಯೇ ಹುಲ್ಲಿನ ಪೆಂಡಿ, ಎರವಲು ತಂದ ಸ್ಪ್ಯಾನರು, ಇಪ್ಪತ್ತು ವರ್ಷ ಕಾದ ಪ್ರಾಧ್ಯಾಪಕರ ಸಾಧನ ಇವುಗಳ ವೃತ್ತಾಂತವನ್ನೂ ಅರಿಯುವುದು ಒಳ್ಳೆಯದು. ಇನ್ನು ಮುಂದೆ ನಮ್ಮ ನಾಡಿನ ಮಕ್ಕಳು ಸ್ಪರ್ಧಿಸುವ ಪಥಗಳನ್ನು ಕುರಿತು ಮೂರು ಪ್ರಶ್ನೆಗಳನ್ನು ಕೇಳಬೇಕು: ಬೇಲಿ ಭದ್ರವಾಗಿದೆಯೇ, ವಯಸ್ಸು ತಕ್ಕುದೇ, ಹಿಂದಿನ ಅಪಘಾತದ ವಿಚಾರಣೆಯ ವರದಿ ಎಲ್ಲರಿಗೂ ಓದಲು ದೊರೆಯುತ್ತದೆಯೇ? ಈ ಪ್ರಶ್ನೆಗಳನ್ನು ಪಂದ್ಯಕ್ಕೆ ಮುಂಚೆಯೇ ಕೇಳುವುದು ಉಚಿತ.